ಆಸ್ಪತ್ರೆ ಸಂಘದ ಸದಸ್ಯತ್ವದಿಂದ ಒಂದು ಆಸ್ಪತ್ರೆಗೆ ನಿಜವಾಗಿ ಸಿಗುವುದೇನು?

ಆಡಳಿತಾಧಿಕಾರಿ:

ಎಲ್ಲರಿಗೂ ನಮಸ್ಕಾರ. ಧರ್ಮದರ್ಶಿಗಳ ಮಂಡಳಿಯೊಂದು ನಡೆಸುವ ಸಣ್ಣ ಆಸ್ಪತ್ರೆಯ ಆಡಳಿತವನ್ನು ನಾನು ನೋಡಿಕೊಳ್ಳುತ್ತೇನೆ. ಆಸ್ಪತ್ರೆಗಳ ಸಂಘದ ಸದಸ್ಯತ್ವವನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆ ಈ ಸಲ ಮಂಡಳಿಯ ಮುಂದೆ ಗಂಭೀರವಾಗಿಯೇ ಬಂದಿದೆ. ಶುಲ್ಕ ಕಟ್ಟುತ್ತೇವೆ, ವಾರ್ಷಿಕ ಸಮ್ಮೇಳನಕ್ಕೆ ಆಹ್ವಾನ ಬರುತ್ತದೆ, ಸುತ್ತೋಲೆಗಳು ಬರುತ್ತವೆ, ಪದಾಧಿಕಾರಿಗಳು ಸಚಿವರಿಗೆ ಮನವಿ ಸಲ್ಲಿಸಿದ ಸುದ್ದಿಯೂ ಬರುತ್ತದೆ. ಆದರೆ ಇವುಗಳಿಂದ ನಮ್ಮ ವಾರ್ಡಿನಲ್ಲಿರುವ ರೋಗಿಗಾಗಲಿ, ರಾತ್ರಿ ಪಾಳಿಯ ನರ್ಸಿಗಾಗಲಿ, ತಿಂಗಳ ಕೊನೆಗೆ ಸಂಬಳದ ಪಟ್ಟಿ ಹಿಡಿದು ಕೂರುವ ಲೆಕ್ಕಪತ್ರ ವಿಭಾಗಕ್ಕಾಗಲಿ ಏನು ದೊರೆಯುತ್ತದೆ ಎಂದು ಧರ್ಮದರ್ಶಿಯೊಬ್ಬರು ಕೇಳಿದ್ದಾರೆ. ಅದು ನ್ಯಾಯವಾದ ಪ್ರಶ್ನೆ.

ದೊಡ್ಡ ಆಸ್ಪತ್ರೆಗಳಿಗೆ ತಮ್ಮದೇ ವಕೀಲರಿದ್ದಾರೆ, ವಿಮಾ ಕಂಪನಿಗಳೊಡನೆ ಮಾತನಾಡಲು ಪ್ರತ್ಯೇಕ ವಿಭಾಗವಿದೆ, ಅಧಿಕಾರಿಗಳ ಬಾಗಿಲು ಅವರಿಗೆ ತಾನಾಗಿ ತೆರೆಯುತ್ತದೆ. ನಮ್ಮಂಥವರಿಗೆ ಅದಾವುದೂ ಇಲ್ಲ. ಹಾಗಿರುವಾಗ ಸಂಘವು ದೊಡ್ಡವರ ದನಿಯನ್ನು ಇನ್ನಷ್ಟು ದೊಡ್ಡದು ಮಾಡುವ ಸಾಧನವೇ, ಅಥವಾ ಸಣ್ಣವರಿಗೆ ದನಿ ಕೊಡುವ ಸಂಸ್ಥೆಯೇ? ಬೇರೆ ದೇಶಗಳ ಅನುಭವವೂ ಸೇರಿದಂತೆ, ಆಧಾರವಿರುವ ಸಂಗತಿಗಳನ್ನು ಬಲ್ಲವರು ಬರೆದರೆ ಉಪಕಾರವಾಗುತ್ತದೆ.

ನೀತಿ ಅಭ್ಯಾಸಿ:

ನಮಸ್ಕಾರ ಸರ್. ಆಸ್ಪತ್ರೆ ಸಂಘಗಳ ಕೆಲಸ ಅತ್ಯಂತ ವಿವರವಾಗಿ ದಾಖಲಾಗಿರುವುದು ಅಮೆರಿಕದಲ್ಲಿ. ಆದ್ದರಿಂದ ಹೆಚ್ಚಿನ ಉದಾಹರಣೆಗಳನ್ನು ಅಲ್ಲಿಂದಲೇ ತೆಗೆದುಕೊಳ್ಳುತ್ತೇನೆ. ಅಮೆರಿಕನ್ ಹಾಸ್ಪಿಟಲ್ ಅಸೋಸಿಯೇಷನ್ 1898ರಲ್ಲಿ ಆಸ್ಪತ್ರೆಗಳ ಅಧೀಕ್ಷಕರ ಸಂಘವಾಗಿ ಹುಟ್ಟಿ, 1906ರಲ್ಲಿ ಈಗಿನ ಹೆಸರನ್ನು ಪಡೆಯಿತು. ಅದರ ಜೊತೆಗೆ ರಾಜ್ಯಗಳಲ್ಲೂ ಪ್ರತ್ಯೇಕ ಸಂಘಗಳಿವೆ. ಸಂಘ ಎಂದರೆ ಸಚಿವರೊಡನೆ ಛಾಯಾಚಿತ್ರ ಎಂಬ ಕಲ್ಪನೆ ಹಲವರಲ್ಲಿದೆ. ವಾಸ್ತವದಲ್ಲಿ ಅದರ ಬಹುಪಾಲು ಶ್ರಮ ಕಾಣದ ಕಡೆ ನಡೆಯುತ್ತದೆ. ಕರಡು ನಿಯಮವನ್ನು ಪ್ರತಿ ಪುಟವೂ ಬಿಡದೆ ಓದುವುದು, ಅದರ ಪರಿಣಾಮವನ್ನು ಲೆಕ್ಕ ಹಾಕುವುದು, ಲೆಕ್ಕವನ್ನು ಸದಸ್ಯರಿಗೆ ತಲುಪಿಸುವುದು, ಅವರಿಂದ ಬಂದ ಅನುಭವವನ್ನು ಸೇರಿಸಿ ಗಡುವಿನೊಳಗೆ ಆಕ್ಷೇಪಣೆ ಸಲ್ಲಿಸುವುದು.

ಒಂದು ಉದಾಹರಣೆ ನೋಡಿ. ಹಿರಿಯ ನಾಗರಿಕರ ಸರ್ಕಾರಿ ವಿಮೆಯಾದ ಮೆಡಿಕೇರ್ 1983ರಿಂದ ಒಳರೋಗಿಗಳ ಚಿಕಿತ್ಸೆಗೆ, ರೋಗನಿದಾನದ ಗುಂಪಿಗೆ ಅನುಗುಣವಾಗಿ ಪೂರ್ವನಿಗದಿತ ದರವನ್ನು ಕೊಡುತ್ತದೆ. ಈ ದರಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ. ಸಾಮಾನ್ಯವಾಗಿ ವಸಂತದಲ್ಲಿ ಕರಡು ಹೊರಬಿದ್ದು, ಅಂತಿಮ ನಿಯಮ ಅಕ್ಟೋಬರ್ 1ರಿಂದ ಜಾರಿಗೆ ಬರುತ್ತದೆ. ಕರಡು ನೂರಾರು ಪುಟಗಳಷ್ಟಿರುತ್ತದೆ. ಆ ಪ್ರದೇಶದ ವೇತನಮಟ್ಟಕ್ಕೆ ತಕ್ಕಂತೆ ದರವನ್ನು ಹೊಂದಿಸುವ ಸೂಚ್ಯಂಕ, ಬಡರೋಗಿಗಳನ್ನು ಹೆಚ್ಚಾಗಿ ನೋಡುವ ಆಸ್ಪತ್ರೆಗಳಿಗೆ ಹೆಚ್ಚುವರಿ ಪಾವತಿ, ಮರುದಾಖಲಾತಿ ಹೆಚ್ಚಿದರೆ ಕಡಿತ, ಹೀಗೆ ಹತ್ತಾರು ಅಂಶಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದು ಅಂಶದಲ್ಲಿ ಹಣ ಹೆಚ್ಚಿಸಿ ಇನ್ನೊಂದರಲ್ಲಿ ಕಡಿಮೆ ಮಾಡಿದಾಗ ತನ್ನ ಆಸ್ಪತ್ರೆಗೆ ಒಟ್ಟಾರೆ ಲಾಭವೋ ನಷ್ಟವೋ ಎಂದು ಸಣ್ಣ ಆಸ್ಪತ್ರೆಯ ಲೆಕ್ಕಿಗರು ತಾವಾಗಿಯೇ ಕಂಡುಹಿಡಿಯುವುದು ಕಷ್ಟ. ಸಂಘಗಳು ಈ ಅಂದಾಜನ್ನು ಸದಸ್ಯ ಆಸ್ಪತ್ರೆವಾರು ಸಿದ್ಧಪಡಿಸಿ ಕಳುಹಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಸಣ್ಣ ಸದಸ್ಯನಿಗೆ ಸಂಘ ಕೊಡಬಹುದಾದ ಅತಿ ಮುಖ್ಯ ಸೇವೆ ಇದೇ, ಏಕೆಂದರೆ ಬರಲಿರುವ ಬದಲಾವಣೆಯ ಮೊತ್ತ ಗೊತ್ತಿದ್ದರೆ ಮಾತ್ರ ಆಡಳಿತ ಮಂಡಳಿ ಮುಂದಿನ ವರ್ಷದ ನೇಮಕಾತಿ, ಉಪಕರಣ ಖರೀದಿ ಮುಂತಾದವನ್ನು ತೀರ್ಮಾನಿಸಬಲ್ಲದು.

ಎರಡನೆಯದು, ತುರ್ತು ಸಂದರ್ಭದಲ್ಲಿ ಸಂಘ ಎಷ್ಟು ಬೇಗ ಪುರಾವೆ ಒಟ್ಟುಗೂಡಿಸುತ್ತದೆ ಎಂಬುದು. 2024ರ ಫೆಬ್ರವರಿ 21ರಂದು ಚೇಂಜ್ ಹೆಲ್ತ್‌ಕೇರ್ ಎಂಬ, ದೇಶದ ಆಸ್ಪತ್ರೆಗಳು ವಿಮೆಯಿಂದ ಹಣ ಕೇಳಿ ಕಳುಹಿಸುವ ಕ್ಲೇಮ್‌ಗಳ ದೊಡ್ಡ ಪಾಲು ಹಾದುಹೋಗುವ ಕಂಪನಿಯ ಮೇಲೆ ಸೈಬರ್ ದಾಳಿ ನಡೆಯಿತು. ಬಿಲ್ ಕಳುಹಿಸುವ ದಾರಿಯೇ ಮುಚ್ಚಿಹೋಯಿತು. ಪ್ರತಿ ಆಸ್ಪತ್ರೆಯೂ ತನ್ನ ಕಷ್ಟವನ್ನು ಬೇರೆಬೇರೆಯಾಗಿ ಹೇಳಿಕೊಂಡಿದ್ದರೆ ಅದು ಬಿಡಿ ದೂರಾಗಿ ಉಳಿಯುತ್ತಿತ್ತು. ರಾಷ್ಟ್ರೀಯ ಸಂಘವು ಮಾರ್ಚ್ ತಿಂಗಳಲ್ಲಿ ಸುಮಾರು 1,000 ಆಸ್ಪತ್ರೆಗಳನ್ನು ಸಮೀಕ್ಷೆ ಮಾಡಿ, 94 ಶೇಕಡ ಆಸ್ಪತ್ರೆಗಳಿಗೆ ಹಣಕಾಸಿನ ಪೆಟ್ಟು ಬಿದ್ದಿದೆ, 74 ಶೇಕಡ ಆಸ್ಪತ್ರೆಗಳಲ್ಲಿ ರೋಗಿಗಳ ಆರೈಕೆಯ ಮೇಲೆಯೇ ನೇರ ಪರಿಣಾಮವಾಗಿದೆ ಎಂದು ಪ್ರಕಟಿಸಿತು. ಮೆಡಿಕೇರ್ ಆಡಳಿತ ಅದೇ ತಿಂಗಳು ಬಾಧಿತ ಆಸ್ಪತ್ರೆಗಳಿಗೆ ಮುಂಗಡ ಪಾವತಿಯ ವ್ಯವಸ್ಥೆ ಮಾಡಿತು. ಸಮೀಕ್ಷೆಯೊಂದರಿಂದಲೇ ಇದಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಸರ್ಕಾರದ ಮುಂದೆ ಇಡಬಹುದಾದ ಸಂಖ್ಯೆಯನ್ನು ಆ ಕೆಲವೇ ವಾರಗಳಲ್ಲಿ ಸಂಘ ಕೊಟ್ಟಿತು.

ಸೋಂಕು ನಿಯಂತ್ರಣ ವಿಭಾಗ:

ನೀತಿ ಅಭ್ಯಾಸಿ ಅವರು ಹಣದ ಕಡೆಯಿಂದ ಆರಂಭಿಸಿದ್ದಾರೆ. ನಾನು ವಾರ್ಡಿನ ಕಡೆಯಿಂದ ಬರುತ್ತೇನೆ, ಏಕೆಂದರೆ ಧರ್ಮದರ್ಶಿಗಳ ಪ್ರಶ್ನೆಯ ಮೊದಲ ಭಾಗ ರೋಗಿಯ ಬಗ್ಗೆಯೇ ಇದೆ.

ಮಿಶಿಗನ್ ರಾಜ್ಯದ ಆಸ್ಪತ್ರೆ ಸಂಘವು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಜ್ಞರೊಡನೆ ಸೇರಿ ನಡೆಸಿದ ಕೀಸ್ಟೋನ್ ಯೋಜನೆಯನ್ನು ಆಸ್ಪತ್ರೆಯ ಪ್ರತಿಯೊಬ್ಬ ಆಡಳಿತಗಾರರೂ ತಿಳಿದಿರಬೇಕು. ತೀವ್ರ ನಿಗಾ ಘಟಕದ ರೋಗಿಗಳಿಗೆ ದೊಡ್ಡ ರಕ್ತನಾಳದಲ್ಲಿ ಹಾಕುವ ತೆಳು ಕೊಳವೆಯಾದ ಕ್ಯಾಥೆಟರ್‌ನಿಂದ ರಕ್ತಕ್ಕೆ ಸೋಂಕು ತಗಲುವುದು ಬಹುಕಾಲ ಅನಿವಾರ್ಯ ಎಂದೇ ಭಾವಿಸಲಾಗಿತ್ತು. ಯೋಜನೆಯು ಹೊಸ ಔಷಧವನ್ನೋ ಯಂತ್ರವನ್ನೋ ತರಲಿಲ್ಲ. ಕೈ ತೊಳೆಯುವುದು, ಕ್ಯಾಥೆಟರ್ ಹಾಕುವಾಗ ಗೌನು, ಮಾಸ್ಕು, ಕೈಗವಸು ಮತ್ತು ರೋಗಿಯ ಪೂರ್ಣ ದೇಹಕ್ಕೆ ಶುದ್ಧ ಹೊದಿಕೆ ಬಳಸುವುದು, ಚರ್ಮವನ್ನು ಸೋಂಕುನಿವಾರಕ ದ್ರಾವಣವಾದ ಕ್ಲೋರ್‌ಹೆಕ್ಸಿಡಿನ್‌ನಿಂದ ಶುಚಿಗೊಳಿಸುವುದು, ಸಾಧ್ಯವಾದಷ್ಟು ತೊಡೆಯ ಭಾಗವನ್ನು ಬಿಟ್ಟು ಬೇರೆ ಕಡೆ ಹಾಕುವುದು, ಅಗತ್ಯ ಮುಗಿದ ಕೂಡಲೇ ತೆಗೆಯುವುದು. ಈ ಐದನ್ನು ತಪ್ಪದೆ ಪಾಲಿಸುವಂತೆ ಮಾಡಿತು. ಯಾವ ಹಂತವಾದರೂ ತಪ್ಪಿದರೆ ವೈದ್ಯರನ್ನು ತಡೆಯುವ ಅಧಿಕಾರ ನರ್ಸಿಗೆ ಇತ್ತು.

2006ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 103 ಘಟಕಗಳ ಮಾಹಿತಿಯಲ್ಲಿ ಪ್ರತಿ 1,000 ಕ್ಯಾಥೆಟರ್ ದಿನಗಳಿಗೆ (ರೋಗಿಗಳಿಗೆ ಕ್ಯಾಥೆಟರ್ ಇದ್ದ ದಿನಗಳ ಒಟ್ಟು ಎಣಿಕೆ) ಸೋಂಕಿನ ಮಧ್ಯಾಂಕ, ಅಂದರೆ ಘಟಕಗಳನ್ನು ಕ್ರಮವಾಗಿ ಇಟ್ಟಾಗ ನಡುವೆ ಬರುವ ಅಂಕಿ, 2.7ರಿಂದ ಮೂರು ತಿಂಗಳೊಳಗೆ ಸೊನ್ನೆಗೆ ಇಳಿಯಿತು; ಸರಾಸರಿ ಪ್ರಮಾಣ 7.7ರಿಂದ ಹದಿನೆಂಟು ತಿಂಗಳ ಹೊತ್ತಿಗೆ 1.4ಕ್ಕೆ ಬಂತು. ಅನಂತರ ಈ ಕ್ರಮವನ್ನು ಇತರ ರಾಜ್ಯಗಳಿಗೆ ಒಯ್ಯುವುದರಲ್ಲಿಯೂ ಆಸ್ಪತ್ರೆ ಸಂಘಗಳೇ ಮುಂದೆ ನಿಂತವು.

ಇಲ್ಲಿ ಸಂಘದ ಪಾತ್ರವೇನು ಎಂದು ಕೇಳಬಹುದು, ಏಕೆಂದರೆ ಈ ಐದು ಕ್ರಮಗಳು ವೈದ್ಯಕೀಯ ಲೋಕಕ್ಕೆ ಮೊದಲೇ ಗೊತ್ತಿದ್ದವು. ಒಂದೇ ಆಸ್ಪತ್ರೆಯೊಳಗೆ ಸೋಂಕಿನ ಪ್ರಮಾಣವನ್ನು ಎಣಿಸಿದರೆ, ಅದು ಹೆಚ್ಚೋ ಕಡಿಮೆಯೋ ಎಂದು ಹೇಳಲು ಹೋಲಿಕೆಗೆ ಏನೂ ಇರುವುದಿಲ್ಲ. ಇನ್ನೊಂದು ಆಸ್ಪತ್ರೆ ತನ್ನ ಅಂಕಿಅಂಶವನ್ನು ಸ್ಪರ್ಧಿಗೆ ತಾನಾಗಿ ಕೊಡುವುದೂ ಇಲ್ಲ. ಇಬ್ಬರೂ ನಂಬುವ ಮೂರನೆಯ ಸ್ಥಳವೊಂದು ಬೇಕು: ಎಲ್ಲರೂ ಒಂದೇ ವ್ಯಾಖ್ಯೆಯಿಂದ ಎಣಿಸಬೇಕು, ಒಂದೇ ಕಡೆ ಕಳುಹಿಸಬೇಕು, ತಮ್ಮ ಸ್ಥಾನ ಎಲ್ಲಿದೆ ಎಂದು ತಾವು ಮಾತ್ರ ನೋಡಬೇಕು. ಆ ಸ್ಥಳವನ್ನು ಸಂಘ ಒದಗಿಸಿತು. ಸರ್ಕಾರದ ಪರಿವೀಕ್ಷಕರು ಬಂದರೆ ಜನ ಅಂಕಿಗಳನ್ನು ಅಡಗಿಸುತ್ತಾರೆ, ತಮ್ಮದೇ ಸಂಘಕ್ಕೆ ಸತ್ಯ ಹೇಳುತ್ತಾರೆ. ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುವವರೆಲ್ಲ ಇದನ್ನು ಬಲ್ಲರು.

ಆದ್ದರಿಂದ, ಆಡಳಿತಾಧಿಕಾರಿಗಳೇ, ನಿಮ್ಮ ಸಂಘಕ್ಕೆ ಇಂಥ ಹೋಲಿಕೆಯ ಮಾಹಿತಿ ಸಂಗ್ರಹವಿದೆಯೇ ಎಂದು ಮೊದಲು ಕೇಳಿ.

ರೋಗಿಗಳ ಪರ:

ಮೇಲಿನ ಎರಡೂ ಬರಹಗಳಿಂದ ಕಲಿತದ್ದಿದೆ, ಧನ್ಯವಾದಗಳು. ಆದರೆ ಚಿತ್ರ ಅರ್ಧವೇ ಬಂದಿದೆ. ಸಂಘವು ಸದಸ್ಯ ಆಸ್ಪತ್ರೆಯ ಪರವಾಗಿ ವಾದಿಸುವಾಗ ಅದು ರೋಗಿಯ ಪರವಾಗಿಯೂ ಇರುತ್ತದೆ ಎಂದು ಊಹಿಸಿಕೊಳ್ಳಲು ಬರುವುದಿಲ್ಲ, ಮತ್ತು ಕೆಲವು ಸಂದರ್ಭಗಳಲ್ಲಿ ಎರಡು ಹಿತಗಳು ನೇರವಾಗಿ ಎದುರಾಗಿವೆ.

ಆಸ್ಪತ್ರೆಗಳು ವಿಮಾ ಕಂಪನಿಗಳೊಡನೆ ಒಪ್ಪಿಕೊಂಡ ದರಗಳನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು ಎಂದು ಅಮೆರಿಕದ ಸರ್ಕಾರ ನಿಯಮ ಮಾಡಿದಾಗ, ಅದನ್ನು ತಡೆಯಲು ನ್ಯಾಯಾಲಯಕ್ಕೆ ಹೋದದ್ದು ಇದೇ ರಾಷ್ಟ್ರೀಯ ಸಂಘ. 2020ರ ಡಿಸೆಂಬರ್ 29ರಂದು ಮೇಲ್ಮನವಿ ನ್ಯಾಯಾಲಯ ಸಂಘದ ವಾದವನ್ನು ತಳ್ಳಿಹಾಕಿತು, 2021ರ ಜನವರಿ 1ರಿಂದ ನಿಯಮ ಜಾರಿಗೆ ಬಂತು. ಚಿಕಿತ್ಸೆಗೆ ಎಷ್ಟಾಗುತ್ತದೆ ಎಂದು ಮುಂಚಿತವಾಗಿ ತಿಳಿಯುವ ಹಕ್ಕು ರೋಗಿಗೆ ಇಲ್ಲವೆಂದು ಯಾರೂ ಬಹಿರಂಗವಾಗಿ ಹೇಳುವುದಿಲ್ಲ. ಹಾಗಿದ್ದರೂ ಆ ಹಕ್ಕನ್ನು ವಿರೋಧಿಸಲು ಸದಸ್ಯರ ಶುಲ್ಕದ ಹಣ ವೆಚ್ಚವಾಯಿತು.

ಇನ್ನೊಂದು, ನರ್ಸುಗಳ ಸಂಖ್ಯೆ. ಒಬ್ಬ ನರ್ಸಿಗೆ ಗರಿಷ್ಠ ಎಷ್ಟು ರೋಗಿಗಳು ಎಂದು ಕಾನೂನಿನಿಂದ ನಿಗದಿಪಡಿಸುವ ಪ್ರಸ್ತಾವ 2018ರ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜನಮತಕ್ಕೆ ಬಂದಾಗ ಆ ರಾಜ್ಯದ ಆಸ್ಪತ್ರೆ ಸಂಘ ಅದನ್ನು ಬಲವಾಗಿ ವಿರೋಧಿಸಿತು, ಪ್ರಸ್ತಾವ ಭಾರಿ ಅಂತರದಿಂದ ಸೋತಿತು. ಆದರೆ ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಅಂಥ ಕಾನೂನು ಆಗಿ 2004ರಿಂದ ಜಾರಿಯಲ್ಲಿದೆ. ಸೋಂಕು ನಿಯಂತ್ರಣ ವಿಭಾಗದವರೇ, ಮೇಡಂ ಅಥವಾ ಸರ್, ನೀವೇ ಹೇಳಿ: ಹತ್ತಾರು ರೋಗಿಗಳ ನಡುವೆ ಓಡಾಡುವ ನರ್ಸು ಆ ಐದು ಹಂತಗಳನ್ನು ಹೇಗೆ ಕಾಯುವಳು?

ಸೋಂಕು ನಿಯಂತ್ರಣ ವಿಭಾಗ:

ಮೇಡಂ ಎಂದೇ ಕರೆಯಿರಿ. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಕಾಯಲಾಗುವುದಿಲ್ಲ. ನರ್ಸುಗಳ ಸಂಖ್ಯೆಯ ವಿಷಯದಲ್ಲಿ ಸಂಘಗಳ ನಿಲುವನ್ನು ನಾನು ಒಪ್ಪುವುದಿಲ್ಲ. ಅವರ ವಾದವೂ ಹುರುಳಿಲ್ಲದ್ದಲ್ಲ. ನರ್ಸುಗಳೇ ಸಿಗದ ಕಡೆ ಕಾನೂನು ಮಾಡಿದರೆ ಹಾಸಿಗೆ ಮುಚ್ಚಬೇಕಾಗುತ್ತದೆ ಎನ್ನುತ್ತಾರೆ, ದೂರದ ಸಣ್ಣ ಆಸ್ಪತ್ರೆಗಳ ಮಟ್ಟಿಗೆ ಅದು ನಿಜವಾದ ಭಯ. ಆದರೆ ಆ ಭಯಕ್ಕೆ ಉತ್ತರವಾಗಿ ಸಂಘ ತಾನೇ ನರ್ಸಿಂಗ್ ಶಿಕ್ಷಣಕ್ಕೆ ಹಣ ಕೇಳಬೇಕು, ಹಂತಹಂತವಾದ ಗಡುವನ್ನು ಸೂಚಿಸಬೇಕು. ಬೇಡ ಎಂದಷ್ಟೇ ಹೇಳಿ ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಕಾನೂನು ವಿದ್ಯಾರ್ಥಿ:

ಚರ್ಚೆ ಒಳ್ಳೆಯ ಕಡೆಗೆ ಬಂದಿದೆ. ರೋಗಿ ಮತ್ತು ಆಸ್ಪತ್ರೆಯ ಹಿತ ಎದುರಾಗುವುದನ್ನು ಈಗಾಗಲೇ ಹೇಳಿದ್ದಾರೆ. ಸದಸ್ಯ ಆಸ್ಪತ್ರೆಗಳ ಹಿತಗಳು ಪರಸ್ಪರ ಎದುರಾಗುವುದನ್ನು ನಾನು ವಿವರಿಸುತ್ತೇನೆ. ಆಡಳಿತಾಧಿಕಾರಿಗಳ ಮೂಲ ಪ್ರಶ್ನೆಗೆ ಇದು ಹತ್ತಿರದ ಸಂಗತಿ, ಹಾಗಾಗಿ ಸ್ವಲ್ಪ ದೀರ್ಘವಾದರೂ ಸಹಿಸಿಕೊಳ್ಳಿ.

ಅಮೆರಿಕದಲ್ಲಿ 1992ರಿಂದ 340ಬಿ ಎಂಬ ಕಾರ್ಯಕ್ರಮವಿದೆ. ಬಡ ರೋಗಿಗಳನ್ನು ಹೆಚ್ಚಾಗಿ ನೋಡುವ ಆಸ್ಪತ್ರೆಗಳಿಗೆ ಔಷಧ ಕಂಪನಿಗಳು ಹೊರರೋಗಿ ಔಷಧಗಳನ್ನು ರಿಯಾಯಿತಿಯಲ್ಲಿ ಮಾರಬೇಕು. ಮೆಡಿಕೇರ್ ಆ ಔಷಧಗಳಿಗೆ ಸರಾಸರಿ ಮಾರಾಟ ಬೆಲೆಯ ಮೇಲೆ 6 ಶೇಕಡ ಸೇರಿಸಿ ಕೊಡುತ್ತಿತ್ತು. 2018ರಲ್ಲಿ ಸರ್ಕಾರ ಈ ಆಸ್ಪತ್ರೆಗಳಿಗೆ ಮಾತ್ರ ಪಾವತಿಯನ್ನು ಸರಾಸರಿ ಬೆಲೆಗಿಂತ 22.5 ಶೇಕಡ ಕಡಿಮೆಗೆ ಇಳಿಸಿತು. ಸಂಘ ಮೊಕದ್ದಮೆ ಹೂಡಿತು. 2022ರ ಜೂನ್ 15ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಸಂಘದ ಪರ ತೀರ್ಪು ಕೊಟ್ಟಿತು: ಔಷಧಕ್ಕೆ ಆಸ್ಪತ್ರೆಗಳು ನಿಜವಾಗಿ ಎಷ್ಟು ಕೊಡುತ್ತಿವೆ ಎಂಬ ಸಮೀಕ್ಷೆಯನ್ನೇ ನಡೆಸದೆ ಒಂದು ಗುಂಪಿನ ಆಸ್ಪತ್ರೆಗಳಿಗೆ ಬೇರೆ ದರ ನಿಗದಿಮಾಡಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದಿತು. ಒಂದು ಆಸ್ಪತ್ರೆ ಒಂಟಿಯಾಗಿ ಇಷ್ಟು ವರ್ಷ ಸರ್ಕಾರದ ವಿರುದ್ಧ ದಾವೆ ನಡೆಸುವುದು ಕಷ್ಟಸಾಧ್ಯ. ಸಂಘಟಿತ ವಾದದ ಶಕ್ತಿ ಇಲ್ಲಿ ಸ್ಪಷ್ಟವಾಗಿದೆ.

ಆದರೆ ತೀರ್ಪಿನ ನಂತರ ನಡೆದದ್ದನ್ನೂ ನೋಡಬೇಕು. 2018ರಲ್ಲಿ ಕಡಿತದಿಂದ ಉಳಿದ ಹಣವನ್ನು ಸರ್ಕಾರ ತನ್ನಲ್ಲಿ ಇಟ್ಟುಕೊಂಡಿರಲಿಲ್ಲ. ಒಟ್ಟು ವೆಚ್ಚ ಬದಲಾಗಬಾರದೆಂಬ ನಿಯಮದಂತೆ, ಔಷಧವಲ್ಲದ ಇತರ ಹೊರರೋಗಿ ಸೇವೆಗಳ ದರವನ್ನು ಏರಿಸಿ ಎಲ್ಲ ಆಸ್ಪತ್ರೆಗಳಿಗೆ ಹಂಚಿತ್ತು. ಆದ್ದರಿಂದ 2023ರ ಪರಿಹಾರ ನಿಯಮದಲ್ಲಿ ಸುಮಾರು 1,700 ಆಸ್ಪತ್ರೆಗಳಿಗೆ ಒಟ್ಟು 900 ಕೋಟಿ ಡಾಲರ್‌ನಷ್ಟು ಒಂದೇ ಗಂಟಿನಲ್ಲಿ ಕೊಡುವುದೆಂದೂ, ಹಿಂದೆ ಹಂಚಿದ ಸುಮಾರು 780 ಕೋಟಿ ಡಾಲರನ್ನು 2026ರಿಂದ ಆರಂಭಿಸಿ ಇತರ ಸೇವೆಗಳ ದರದಲ್ಲಿ ವರ್ಷಕ್ಕೆ 0.5 ಶೇಕಡ ಕಡಿತದ ಮೂಲಕ ಹಲವು ವರ್ಷಗಳಲ್ಲಿ ವಾಪಸು ಪಡೆಯುವುದೆಂದೂ ನಿರ್ಧರಿಸಲಾಯಿತು. ಅಂದರೆ 340ಬಿಯಲ್ಲಿ ಇಲ್ಲದ ಆಸ್ಪತ್ರೆಗೆ ಈ ಗೆಲುವಿನಿಂದ ಹಣ ಬರಲಿಲ್ಲ, ಬದಲಾಗಿ ಮುಂದಿನ ವರ್ಷಗಳಲ್ಲಿ ಕಡಿತ ಬರುತ್ತದೆ. ಅವರಿಬ್ಬರೂ ಒಂದೇ ಸಂಘಕ್ಕೆ ಶುಲ್ಕ ಕಟ್ಟಿದವರು.

ಸಂಘ ದಾವೆ ಹೂಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಬಡರೋಗಿಗಳ ಆಸ್ಪತ್ರೆಯನ್ನು ಕಾನೂನುಬಾಹಿರ ಕಡಿತದಿಂದ ಕಾಪಾಡಿದ್ದು ಸರಿಯೇ. ಆದರೆ ಹಣದ ಒಟ್ಟು ಮೊತ್ತ ಸ್ಥಿರವಾಗಿರುವ ವ್ಯವಸ್ಥೆಯಲ್ಲಿ ಸಂಘದ ಪ್ರತಿಯೊಂದು ಬೇಡಿಕೆಯೂ ಒಬ್ಬ ಸದಸ್ಯನಿಂದ ಇನ್ನೊಬ್ಬ ಸದಸ್ಯನಿಗೆ ಹಣ ಸಾಗಿಸುವ ಬೇಡಿಕೆ ಆಗಿರಬಹುದು. ಅಂಥ ನಿರ್ಧಾರವನ್ನು ಯಾವ ಸಮಿತಿ ಮಾಡುತ್ತದೆ, ಆ ಸಮಿತಿಯಲ್ಲಿ ಸಣ್ಣ ಆಸ್ಪತ್ರೆಗೆ ಮತವಿದೆಯೇ, ಮತ ಹಾಸಿಗೆಗಳ ಸಂಖ್ಯೆಗೆ ತಕ್ಕಂತೆಯೋ ಸದಸ್ಯನಿಗೊಂದೋ, ಇವು ಶುಲ್ಕದ ಲೆಕ್ಕಕ್ಕಿಂತ ಮುಖ್ಯವಾದ ಪ್ರಶ್ನೆಗಳು.

ಆಡಳಿತಾಧಿಕಾರಿ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕಾನೂನು ವಿದ್ಯಾರ್ಥಿಗಳೇ, ನನಗೊಂದು ಸಂದೇಹವಿದೆ. ವಿಮಾ ಕಂಪನಿಗಳು ಕೊಡುವ ದರ ವೆಚ್ಚಕ್ಕೆ ಸಾಲದು ಎಂಬುದು ನಮ್ಮಂಥ ಎಲ್ಲ ಆಸ್ಪತ್ರೆಗಳ ಅಳಲು. ನಮ್ಮ ಮಂಡಳಿಯ ಹಲವರು ಸಂಘದಿಂದ ನಿರೀಕ್ಷಿಸುವುದೇ ಎಲ್ಲರ ಪರವಾಗಿ ಒಂದು ದರವನ್ನು ಗಟ್ಟಿಯಾಗಿ ಕೇಳುವುದನ್ನು. ಸಂಘ ಅದನ್ನು ಮಾಡಬಹುದೇ?

ಕಾನೂನು ವಿದ್ಯಾರ್ಥಿ:

ಆಯಾ ದೇಶದ ಸ್ಪರ್ಧಾ ಕಾನೂನನ್ನು ಅವಲಂಬಿಸಿದೆ, ಆದರೆ ಬಹಳ ಎಚ್ಚರದಿಂದಿರಬೇಕಾದ ಕ್ಷೇತ್ರವಿದು. ಪರಸ್ಪರ ಸ್ಪರ್ಧಿಗಳಾದ ಆಸ್ಪತ್ರೆಗಳು ಒಂದು ಮೇಜಿನ ಸುತ್ತ ಕುಳಿತು ದರ ನಿರ್ಧರಿಸಿದರೆ, ಆ ಮೇಜು ಸಂಘದ್ದೆಂಬ ಕಾರಣಕ್ಕೆ ಅದು ಕಾನೂನುಬದ್ಧವಾಗುವುದಿಲ್ಲ. ಅಮೆರಿಕದ ನ್ಯಾಯ ಇಲಾಖೆ ಮತ್ತು ಅರಿಜೋನಾ ರಾಜ್ಯ 2007ರಲ್ಲಿ ಅರಿಜೋನಾದ ಆಸ್ಪತ್ರೆ ಸಂಘದ ಮೇಲೆ ದಾವೆ ಹೂಡಿದ್ದವು. ತಾತ್ಕಾಲಿಕ ನರ್ಸುಗಳನ್ನು ಒದಗಿಸುವ ಏಜೆನ್ಸಿಗಳಿಗೆ ಸದಸ್ಯ ಆಸ್ಪತ್ರೆಗಳು ಕೊಡುವ ದರವನ್ನು ಸಂಘದ ಮೂಲಕ ಏಕರೂಪವಾಗಿ ನಿಗದಿಮಾಡಲಾಗಿದೆ ಎಂಬುದು ಆರೋಪ. ನ್ಯಾಯಾಲಯದಲ್ಲಿ ಒಪ್ಪಂದದ ಮೂಲಕ ಪ್ರಕರಣ ಮುಗಿದು, ಆ ಬಗೆಯ ದರ ನಿಗದಿಗೆ ತಡೆ ಬಿತ್ತು. ಗಮನಿಸಿ, ಅಲ್ಲಿ ಆರೋಪವಿದ್ದದ್ದು ಬೆಲೆ ಏರಿಸಿದ್ದಕ್ಕೆ ಅಲ್ಲ, ನರ್ಸುಗಳಿಗೆ ಸಲ್ಲುವ ಮೊತ್ತವನ್ನು ಒಟ್ಟಾಗಿ ಕೆಳಗೆ ಹಿಡಿದಿದ್ದಕ್ಕೆ.

ಸಂಘ ಮಾಡಬಹುದಾದದ್ದು ಬೇರೆ. ವೆಚ್ಚದ ಅಧ್ಯಯನ ನಡೆಸಿ ಸರ್ಕಾರದ ಮುಂದಿಡಬಹುದು, ಕ್ಲೇಮ್ ತಿರಸ್ಕಾರದ ಕಾರಣಗಳನ್ನು ಒಟ್ಟುಗೂಡಿಸಿ ನಿಯಂತ್ರಣ ಪ್ರಾಧಿಕಾರಕ್ಕೆ ದೂರು ಕೊಡಬಹುದು, ಪಾವತಿಗೆ ಕಾಲಮಿತಿ ಬೇಕೆಂದು ಕಾನೂನು ತಿದ್ದುಪಡಿ ಕೇಳಬಹುದು. ಸರ್ಕಾರವನ್ನು ಒಟ್ಟಾಗಿ ಕೇಳಲು ಅಡ್ಡಿಯಿಲ್ಲ. ಖಾಸಗಿ ಕಂಪನಿಯೊಡನೆ ಒಟ್ಟಾಗಿ ದರ ಕುದುರಿಸುವುದಕ್ಕೆ ವಕೀಲರ ಸಲಹೆಯಿಲ್ಲದೆ ಕೈ ಹಾಕಬಾರದು.

ನೀತಿ ಅಭ್ಯಾಸಿ:

ಇದಕ್ಕೆ ಜರ್ಮನಿ ವಿಶಿಷ್ಟ ಅಪವಾದ. ಅಲ್ಲಿ 1949ರಲ್ಲಿ ಸ್ಥಾಪನೆಯಾದ ಜರ್ಮನ್ ಆಸ್ಪತ್ರೆ ಒಕ್ಕೂಟಕ್ಕೆ ಕಾನೂನೇ ಒಂದು ಸ್ಥಾನವನ್ನು ಕೊಟ್ಟಿದೆ. ಅದು ಬಾಗಿಲಲ್ಲಿ ಮನವಿ ಹಿಡಿದು ನಿಲ್ಲುವುದಿಲ್ಲ, ತೀರ್ಮಾನಿಸುವ ಸಭೆಯ ಒಳಗೇ ಕೂರುತ್ತದೆ. ಯಾವ ಚಿಕಿತ್ಸೆ ಸಾರ್ವಜನಿಕ ವಿಮೆಯ ವ್ಯಾಪ್ತಿಗೆ ಬರಬೇಕು, ಗುಣಮಟ್ಟದ ಕನಿಷ್ಠ ಷರತ್ತುಗಳೇನು ಎಂಬುದನ್ನು ನಿರ್ಧರಿಸುವ ಜಂಟಿ ಸಮಿತಿ 2004ರಿಂದ ಕೆಲಸ ಮಾಡುತ್ತಿದೆ. ಅದರಲ್ಲಿ 13 ಮತಗಳು: ವಿಮಾ ನಿಧಿಗಳಿಗೆ ಐದು, ವೈದ್ಯರು, ದಂತವೈದ್ಯರು ಮತ್ತು ಆಸ್ಪತ್ರೆಗಳಿಗೆ ಸೇರಿ ಐದು, ಪಕ್ಷಾತೀತ ಸದಸ್ಯರಿಗೆ ಮೂರು. ಆ ಐದರಲ್ಲಿ ಎರಡು ಆಸ್ಪತ್ರೆ ಒಕ್ಕೂಟದವು. ಪಾವತಿಯ ಗುಂಪುಗಳನ್ನು ಲೆಕ್ಕಹಾಕುವ ಸಂಸ್ಥೆಯನ್ನೂ 2001ರಲ್ಲಿ ಆಸ್ಪತ್ರೆ ಒಕ್ಕೂಟ ಮತ್ತು ವಿಮಾ ಸಂಸ್ಥೆಗಳ ಒಕ್ಕೂಟಗಳು ಜಂಟಿಯಾಗಿ ಸ್ಥಾಪಿಸಿದವು. ಆಯ್ದ ಆಸ್ಪತ್ರೆಗಳು ತಮ್ಮ ನಿಜವಾದ ವೆಚ್ಚದ ಮಾಹಿತಿಯನ್ನು ಅದಕ್ಕೆ ಕೊಡುತ್ತವೆ. ಒಂದೇ ಅಂಕಿಯನ್ನು ಎರಡೂ ಪಕ್ಷ ಒಪ್ಪಿದ ಮೇಲೆ ಜಗಳ ಅಂಕಿಯ ಮೇಲಲ್ಲ, ನೀತಿಯ ಮೇಲೆ ನಡೆಯುತ್ತದೆ. ಇದು ನನಗೆ ಬಹಳ ಮೆಚ್ಚುಗೆಯಾದ ಏರ್ಪಾಟು.

ರೋಗಿಗಳ ಪರ:

ಆ ಜಂಟಿ ಸಮಿತಿಯಲ್ಲಿ ರೋಗಿಗಳ ಪ್ರತಿನಿಧಿಗಳೂ ಇದ್ದಾರೆ, ಮಾತನಾಡಬಹುದು, ಪ್ರಸ್ತಾವ ಮಂಡಿಸಬಹುದು, ಮತ ಮಾತ್ರ ಇಲ್ಲ. ಅದನ್ನೂ ಸೇರಿಸಿ ಹೇಳಬೇಕು.

ಒಂದು ಮಾತನ್ನು ಸಂಘಗಳ ಪರವಾಗಿಯೂ ಹೇಳುತ್ತೇನೆ, ಏಕೆಂದರೆ ನನ್ನ ಹಿಂದಿನ ಬರಹದಿಂದ ಎರಡು ಹಿತಗಳು ಯಾವಾಗಲೂ ಎದುರಾಗುತ್ತವೆ ಎಂಬ ಅಭಿಪ್ರಾಯ ಬರಬಾರದು. ಸಾರ್ವಜನಿಕ ನೆರವಿನ ಮೇಲೆ ಬದುಕುವ ಬಡವರ ಹಕ್ಕುಗಳ ಸಂಘಟನೆಯೊಂದು 1970ರಲ್ಲಿ ಆಸ್ಪತ್ರೆಗಳ ಮಾನ್ಯತಾ ಸಂಸ್ಥೆಯ ಮುಂದೆ ಬೇಡಿಕೆಗಳನ್ನಿಟ್ಟಿತು. ಆ ಒತ್ತಡದ ಬೆನ್ನಿಗೆ ಅಮೆರಿಕದ ಆಸ್ಪತ್ರೆ ಸಂಘ 1973ರಲ್ಲಿ ರೋಗಿಗಳ ಹಕ್ಕುಪತ್ರವನ್ನು ಅಂಗೀಕರಿಸಿತು. ತನ್ನ ಕಾಯಿಲೆಯ ಬಗ್ಗೆ ಅರ್ಥವಾಗುವ ಮಾತಿನಲ್ಲಿ ತಿಳಿಯುವುದು, ಚಿಕಿತ್ಸೆಯನ್ನು ನಿರಾಕರಿಸುವುದು, ಗೋಪ್ಯತೆ, ಇವು ರೋಗಿಯ ಹಕ್ಕುಗಳೆಂದು ಆಸ್ಪತ್ರೆಗಳ ಸಂಘವೇ ಬರೆದಿಟ್ಟಿತು.

ಇತ್ತೀಚಿನ ಉದಾಹರಣೆ ಪೂರ್ವಾನುಮತಿಯದು, ಅಂದರೆ ಚಿಕಿತ್ಸೆಗೆ ಮುಂಚೆ ವಿಮಾ ಯೋಜನೆಯಿಂದ ಪಡೆಯಬೇಕಾದ ಒಪ್ಪಿಗೆಯದು. ಮೆಡಿಕೇರ್‌ನ ಖಾಸಗಿ ವಿಮಾ ಯೋಜನೆಗಳು ತಿರಸ್ಕರಿಸಿದ ಪೂರ್ವಾನುಮತಿ ಅರ್ಜಿಗಳಲ್ಲಿ 13 ಶೇಕಡ ಅರ್ಜಿಗಳು ನಿಯಮದ ಪ್ರಕಾರ ಒಪ್ಪಿಗೆಗೆ ಅರ್ಹವಾಗಿದ್ದವು ಎಂದು ಸರ್ಕಾರದ ಪರಿಶೋಧನಾ ಕಚೇರಿ 2022ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಸಂಘಗಳು ಈ ವಿಷಯವನ್ನು ಬಿಡದೆ ಹಿಡಿದು ಒತ್ತಾಯಿಸಿದವು. ಮೂಲ ಸರ್ಕಾರಿ ವಿಮೆ ಒಪ್ಪುವ ಚಿಕಿತ್ಸೆಯನ್ನು ಖಾಸಗಿ ಯೋಜನೆ ತನ್ನ ಕಠಿಣ ಮಾನದಂಡದಿಂದ ನಿರಾಕರಿಸುವಂತಿಲ್ಲ ಎಂಬ ನಿಯಮ 2024ರ ಜನವರಿ 1ರಿಂದ ಜಾರಿಗೆ ಬಂತು. ಇಲ್ಲಿ ಆಸ್ಪತ್ರೆಗೆ ಹಣ ಬಂತು, ರೋಗಿಗೆ ಚಿಕಿತ್ಸೆ ಸಿಕ್ಕಿತು.

ಲೆಕ್ಕಪತ್ರ:

ನಾನು ಒಕ್ಕೂಟಗಳ ಲೆಕ್ಕ ಪರಿಶೋಧನೆಯ ಕೆಲಸದಲ್ಲಿದ್ದೇನೆ, ಆದ್ದರಿಂದ ಯಾರೂ ಮುಟ್ಟದ ಒಂದು ಭಾಗವನ್ನು ಬರೆಯುತ್ತೇನೆ. ಅನೇಕ ಆಸ್ಪತ್ರೆ ಸಂಘಗಳು ಸದಸ್ಯ ಶುಲ್ಕದಿಂದ ಮಾತ್ರ ನಡೆಯುವುದಿಲ್ಲ. ಒಟ್ಟಾಗಿ ಖರೀದಿ, ವೃತ್ತಿಪರ ಹೊಣೆಗಾರಿಕೆ ವಿಮೆ, ಸಿಬ್ಬಂದಿ ಪೂರೈಕೆ, ತರಬೇತಿ, ಮಾಹಿತಿ ವಿಶ್ಲೇಷಣೆ ಇವುಗಳಿಗಾಗಿ ಸಂಘದಡಿಯಲ್ಲಿ ಪ್ರತ್ಯೇಕ ವ್ಯಾಪಾರ ಘಟಕಗಳಿರುತ್ತವೆ. ಸಣ್ಣ ಆಸ್ಪತ್ರೆಗೆ ಇದು ನಿಜವಾದ ಅನುಕೂಲ: ಹತ್ತು ಹಾಸಿಗೆಗೆ ಬೇಕಾದ ಸಿರಿಂಜು, ಕೈಗವಸುಗಳಿಗೆ ಯಾವ ಸರಬರಾಜುದಾರನೂ ರಿಯಾಯಿತಿ ಕೊಡುವುದಿಲ್ಲ, ಹತ್ತು ಸಾವಿರ ಹಾಸಿಗೆಯ ಬೇಡಿಕೆಯೊಳಗೆ ಸೇರಿಕೊಂಡರೆ ಕೊಡುತ್ತಾನೆ.

ಆದರೆ ಸರಬರಾಜುದಾರರಿಂದ ಸಂಘಕ್ಕೆ ಶುಲ್ಕ ಬರುತ್ತಿದ್ದರೆ, ಸಂಘ ಶಿಫಾರಸು ಮಾಡುವ ವಸ್ತು ಸದಸ್ಯನಿಗೆ ಒಳ್ಳೆಯದೆಂದು ಶಿಫಾರಸಾಗಿದೆಯೋ ಶುಲ್ಕಕ್ಕಾಗಿಯೋ ಎಂಬ ಪ್ರಶ್ನೆ ಏಳುತ್ತದೆ. ವಾರ್ಷಿಕ ವರದಿಯಲ್ಲಿ ಶುಲ್ಕದ ಆದಾಯ, ವ್ಯಾಪಾರ ಘಟಕದ ಆದಾಯ, ಸಮ್ಮೇಳನದ ಪ್ರಾಯೋಜಕರ ಹಣ ಇವುಗಳನ್ನು ಬೇರೆಬೇರೆ ತೋರಿಸಿದ್ದಾರೆಯೇ ನೋಡಿ. ತೋರಿಸದಿದ್ದರೆ ಸದಸ್ಯನಾಗಿ ಲಿಖಿತವಾಗಿ ಕೇಳಲು ನಿಮಗೆ ಹಕ್ಕಿದೆ.

ಆಡಳಿತಾಧಿಕಾರಿ:

ಈ ಚರ್ಚೆಯ ಆಧಾರದ ಮೇಲೆ ಸಂಘಕ್ಕೆ ಪತ್ರವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಹೊಸ ನಿಯಮ ಬಂದಾಗ ನಮ್ಮ ಆಸ್ಪತ್ರೆಗೆ ಆಗುವ ಪರಿಣಾಮದ ಅಂದಾಜನ್ನು ಪ್ರತ್ಯೇಕವಾಗಿ ಕೊಡುತ್ತೀರಾ, ಸೋಂಕು ಮತ್ತು ಮರುದಾಖಲಾತಿಯ ಹೋಲಿಕೆಯ ಮಾಹಿತಿ ಇದೆಯೇ, ನೀತಿ ಸಮಿತಿಯಲ್ಲಿ ಸಣ್ಣ ಆಸ್ಪತ್ರೆಗಳಿಗೆ ಕಾಯ್ದಿಟ್ಟ ಸ್ಥಾನಗಳಿವೆಯೇ, ಕಳೆದ ಸಾಲಿನಲ್ಲಿ ಸಲ್ಲಿಸಿದ ಆಕ್ಷೇಪಣೆಗಳ ಪ್ರತಿಗಳನ್ನು ಸದಸ್ಯರಿಗೆ ಕೊಡುತ್ತೀರಾ, ಎಂದು ಕೇಳಿದ್ದೇನೆ. ನರ್ಸುಗಳ ಸಂಖ್ಯೆಯ ಬಗ್ಗೆ ಸಂಘದ ನಿಲುವೇನು ಎಂಬ ಪ್ರಶ್ನೆಯನ್ನೂ ನಮ್ಮ ನರ್ಸಿಂಗ್ ಮುಖ್ಯಸ್ಥೆಯ ಸೂಚನೆಯಂತೆ ಸೇರಿಸಿದ್ದೇನೆ. ಬೇರೇನಾದರೂ ಬಿಟ್ಟುಹೋಗಿದೆಯೇ?

ಲೆಕ್ಕಪತ್ರ:

ಇನ್ನೊಂದನ್ನು ಸೇರಿಸಿ ಸರ್. ಅಮೆರಿಕದಲ್ಲಿ 1993ರ ತೆರಿಗೆ ತಿದ್ದುಪಡಿಯಿಂದೀಚೆಗೆ, ಸದಸ್ಯ ಶುಲ್ಕದಲ್ಲಿ ಎಷ್ಟು ಪಾಲು ಶಾಸಕರ ಮೇಲೆ ಪ್ರಭಾವ ಬೀರುವ ಕೆಲಸಕ್ಕೆ ವೆಚ್ಚವಾಗುತ್ತದೆ ಎಂಬುದನ್ನು ವೃತ್ತಿ ಸಂಘಗಳು ಸಾಮಾನ್ಯವಾಗಿ ಸದಸ್ಯರಿಗೆ ತಿಳಿಸಬೇಕಾಗುತ್ತದೆ, ಏಕೆಂದರೆ ಆ ಪಾಲಿಗೆ ವ್ಯಾಪಾರ ವೆಚ್ಚವೆಂದು ತೆರಿಗೆ ವಿನಾಯಿತಿ ಸಿಗುವುದಿಲ್ಲ. ಅಂಥ ಕಡ್ಡಾಯ ಇಲ್ಲದ ಕಡೆಯೂ ಸದಸ್ಯರು ಕೇಳಿದರೆ ಸಂಘ ಆ ವಿಂಗಡಣೆಯನ್ನು ಕೊಡಬಹುದು. ಸರ್ಕಾರದೊಡನೆ ವ್ಯವಹಾರಕ್ಕೆ ಎಷ್ಟು, ಗುಣಮಟ್ಟ ಮತ್ತು ತರಬೇತಿಗೆ ಎಷ್ಟು, ಕಚೇರಿ ವೆಚ್ಚಕ್ಕೆ ಎಷ್ಟು, ಈ ಮೂರು ಅಂಕಿಗಳು ಧರ್ಮದರ್ಶಿಗಳ ಕೈಗೆ ಸಭೆಗೆ ಮುಂಚೆ ಸಿಗುವಂತೆ ಪತ್ರದಲ್ಲಿ ಗಡುವನ್ನೂ ನಮೂದಿಸಿ.